ಕಮಾಂಡ್ ಪ್ರಾಂಪ್ಟ್‌ನಲ್ಲಿ ಪ್ರೋಗ್ರಾಂ ಓಡದಿದ್ದರೆ

ಕುಂದಗೋಳ ತಾಲೂಕಿನ ಕುಬಿಹಾಳದ ವಿದ್ಯಾರ್ಥಿಯೊಬ್ಬ ಮನೆಯ ಮೆಣಸಿನಕಾಯಿಯ ತೂಕವನ್ನು ಹುಬ್ಬಳ್ಳಿ ಅಮರಗೋಳ ಮಾರುಕಟ್ಟೆಯ ದರದಿಂದ ಗುಣಿಸುವ ಐದು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದನೆನ್ನಿ. ಅದನ್ನು 'ದರ.ಪಿವೈ' ಎಂಬ ಕಡತದಲ್ಲಿ ಉಳಿಸಿ, ಕಪ್ಪು ಪರದೆಯಲ್ಲಿ ಆದೇಶ ಕೊಟ್ಟ ಕೂಡಲೇ ಇಂಗ್ಲಿಷಿನಲ್ಲಿ ದೋಷಸಂದೇಶ ಬರುತ್ತದೆ. ಎರವಲು ಗಣಕಯಂತ್ರದಲ್ಲಿ ಅಭ್ಯಾಸ ಮಾಡುವವನಿಗೆ ಇದು ದುಬಾರಿಯ ಘಳಿಗೆ. ಇಡೀ ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕಲು ಹೊರಟರೆ ದಿನದ ಇಂಟರ್‌ನೆಟ್ ಡೇಟಾ ಮುಗಿಯುತ್ತದೆ, ದೋಷ ಮಾತ್ರ ಹಾಗೆಯೇ ಉಳಿಯುತ್ತದೆ.

ಮೊದಲು ತಿಳಿಯಬೇಕಾದುದು, ಸಂದೇಶ ಕೊಡುತ್ತಿರುವವರು ಯಾರು ಎಂಬುದು. ವಿಂಡೋಸ್ ಸ್ವತಃ 'ಈ ಆದೇಶ ನನಗೆ ಗೊತ್ತಿಲ್ಲ' ಎಂಬರ್ಥದ ಮಾತು ಹೇಳಿದರೆ ಪ್ರೋಗ್ರಾಂ ಇನ್ನೂ ಆರಂಭವೇ ಆಗಿಲ್ಲ. ಅದರ ಸಾಲುಗಳನ್ನು ತಿದ್ದುವುದು ವ್ಯರ್ಥ. ಪೈಥಾನ್ ಎಲ್ಲಿದೆ ಎಂಬ ವಿಳಾಸ 'ಪಾತ್' ಎಂಬ ಪಟ್ಟಿಯಲ್ಲಿ ಇಲ್ಲದಿರುವುದೇ ಸಾಮಾನ್ಯ ಕಾರಣ. ಅನುಸ್ಥಾಪಿಸುವಾಗ ಕಾಣುವ 'ಪಾತ್‌ಗೆ ಸೇರಿಸು' ಎಂಬ ಚೌಕಕ್ಕೆ ಗುರುತು ಹಾಕಲು ಅನೇಕರು ಮರೆಯುತ್ತಾರೆ. ಪಟ್ಟಿಯನ್ನು ಸರಿಪಡಿಸಿದ ಮೇಲೆ ಹಳೆಯ ಕಪ್ಪು ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಬೇಕು; ತೆರೆದೇ ಇದ್ದ ಕಿಟಕಿಗೆ ಬದಲಾವಣೆ ತಿಳಿಯುವುದಿಲ್ಲ.

'ಅಂಥ ಕಡತವಿಲ್ಲ' ಎಂದು ಪೈಥಾನ್ ಹೇಳಿದರೆ ಅದೊಂದು ಶುಭ ಸೂಚನೆಯೇ ಸರಿ. ಪೈಥಾನ್ ಸಿಕ್ಕಿದೆ, ಕಡತ ಸಿಕ್ಕಿಲ್ಲ. 'ಡಿಐಆರ್' ಆದೇಶ ಕೊಟ್ಟು ನೋಡಬೇಕು. ನೋಟ್‌ಪ್ಯಾಡ್ ಅದನ್ನು 'ದರ.ಪಿವೈ.ಟಿಎಕ್ಸ್‌ಟಿ' ಎಂದು ಉಳಿಸಿರುವುದುಂಟು. ವಿಂಡೋಸ್ ಹೆಸರಿನ ಬಾಲವನ್ನು ಮರೆಮಾಡುವುದರಿಂದ ಫೋಲ್ಡರ್‌ನಲ್ಲಿ ಅದು ಕಾಣಿಸದು. ಲಿನಕ್ಸ್‌ನಲ್ಲಾದರೆ ಸಿ ಭಾಷೆಯ ಪ್ರೋಗ್ರಾಂ ಅದೇ ಫೋಲ್ಡರ್‌ನಲ್ಲಿದ್ದರೂ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಬೇಕೇ ಬೇಕು.

ಪ್ರೋಗ್ರಾಮಿನೊಳಗಿನ ದೋಷಗಳು ಇವುಗಳ ನಂತರದವು. ಪೈಥಾನ್ ಉದ್ದದ ಸಂದೇಶ ಕೊಟ್ಟರೆ ಕೊನೆಯ ಸಾಲನ್ನು ಮೊದಲು ಓದಬೇಕು, ದೋಷದ ಹೆಸರು ಅಲ್ಲಿರುತ್ತದೆ. ಸಿ ಕಂಪೈಲರ್ ಇಪ್ಪತ್ತು ದೋಷ ತೋರಿಸಿದರೆ ಮೊದಲನೆಯದನ್ನಷ್ಟೇ ತಿದ್ದಿ ಮತ್ತೆ ಓಡಿಸಬೇಕು. ಒಂದು ಅರ್ಧವಿರಾಮ ಬಿಟ್ಟರೆ ಉಳಿದವು ಅದರ ಬೆನ್ನಿಗೆ ಹುಟ್ಟಿರಬಹುದು.

ಕನ್ನಡದಲ್ಲಿ ಬರೆಯುವವರಿಗೆ ಪಠ್ಯಪುಸ್ತಕಗಳು ಅಷ್ಟಾಗಿ ಹೇಳದ ಕೆಲವು ತೊಡಕುಗಳಿವೆ. 2008ರಲ್ಲಿ ಬಂದ ಪೈಥಾನ್ 3 ಚರಾಕ್ಷರಗಳಿಗೆ ಕನ್ನಡ ಹೆಸರಿಡಲು ಅವಕಾಶ ನೀಡಿತು. ಆದರೆ 'ಕ್ವಿಂಟಲ್‌ದರ' ಎಂದು ಹೆಸರಿಟ್ಟರೆ ದೋಷ ಬರುತ್ತದೆ. 'ಲ್' ಮತ್ತು 'ದ' ಒತ್ತಕ್ಷರವಾಗಿ ಕೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ, ಯುನಿಕೋಡ್‌ನ 200ಸಿ, ಕುಳಿತಿರುತ್ತದೆ. ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಪರದೆಯನ್ನು ಎಷ್ಟು ದಿಟ್ಟಿಸಿದರೂ ತಪ್ಪು ಕಾಣದು. 'ಕ್ವಿಂಟಲ್_ದರ' ಎಂದು ಅಡಿಗೆರೆ ಹಾಕಿದರೆ ಸಾಕು. ಕನ್ನಡ ಅಂಕಿಗಳ ನಡತೆ ಇನ್ನೂ ವಿಚಿತ್ರ: ಪ್ರೋಗ್ರಾಮಿನ ಸಾಲಿನಲ್ಲಿ ೧೨ ಎಂದು ಬರೆದರೆ ದೋಷ, ಆದರೆ ಪ್ರೋಗ್ರಾಂ ಓಡುತ್ತಿರುವಾಗ ಬಳಕೆದಾರ ೧೨ ಎಂದು ಟೈಪಿಸಿದರೆ 'ಇಂಟ್' ಅದನ್ನು ಹನ್ನೆರಡೆಂದೇ ಓದುತ್ತದೆ. ವರ್ಡ್‌ನಿಂದ ನಕಲಿಸಿದ ಬಾಗಿದ ಉದ್ಧರಣ ಚಿಹ್ನೆಗಳೂ ಇದೇ ಬಗೆಯ ತಂಟೆಕೋರರು.

ಫಲಿತಾಂಶದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಪ್ರೋಗ್ರಾಮನ್ನು ಮುಟ್ಟಬಾರದು, ಅದು ಹೆಚ್ಚಾಗಿ ಆ ಕಿಟಕಿಯ ಫಾಂಟ್‌ನ ಕೊರತೆ. ಕನ್ನಡ ಫಲಿತಾಂಶವನ್ನು ವಿಂಡೋಸ್‌ನಲ್ಲಿ ಕಡತಕ್ಕೆ ತಿರುಗಿಸಿದಾಗ 'ಚಾರ್‌ಮ್ಯಾಪ್' ಎಂಬ ಪದವುಳ್ಳ ದೋಷ ಬಂದರೆ, ಹಳೆಯ ಅಕ್ಷರಸಂಕೇತದ ಕೋಷ್ಟಕದಲ್ಲಿ ಕನ್ನಡಕ್ಕೆ ಸ್ಥಳವಿಲ್ಲವೆಂದು ಅರ್ಥ. ಪೈಥಾನ್ 3.7 ಅಥವಾ ನಂತರದ ಆವೃತ್ತಿಯಿದ್ದಲ್ಲಿ 'ಪೈಥಾನ್‌ಯುಟಿಎಫ್8' ಎಂಬ ಪರಿಸರ ಚರಾಕ್ಷರಕ್ಕೆ 1 ಎಂಬ ಬೆಲೆ ಕೊಟ್ಟು ಅದೇ ಕಿಟಕಿಯಲ್ಲಿ ಮತ್ತೆ ಓಡಿಸಬಹುದು. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೆಣಸಿನಕಾಯಿಯ ಲೆಕ್ಕ ಕನ್ನಡದಲ್ಲೇ ಕಾಣುತ್ತದೆ.