ಕಣ್ಣೆದುರಿಗೆ ಕರೆದ ಹಾಲು

ಮನೆಗೆ ಮೊದಲನೆಯ ಬಾರಿಗೆ ಹಾಲಿನ ಮೇಕೆಯೊಂದನ್ನು ತರಹೊರಟವರು ಸಂತೆಯಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಎಷ್ಟು ಹಾಲು ಕೊಡುತ್ತದೆ ಎಂಬುದು ಒಂದು. ಬೆಲೆ ಎಷ್ಟು ಎಂಬುದು ಇನ್ನೊಂದು. ಕೇಳಬೇಕಾದ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳಬೇಕೆಂಬ ತಿಳಿವಳಿಕೆ ಮನುಷ್ಯನಿಗೆ ಬಂದುದು ಮೆಡಿಟರೇನಿಯನ್ ಸಮುದ್ರದ ನಡುವಿರುವ ಮಾಲ್ಟಾ ಎಂಬ ಪುಟ್ಟ ದ್ವೀಪದಲ್ಲಿ, ೧೯೦೫ನೆಯ ಇಸವಿಯ ಜೂನ್ ತಿಂಗಳಲ್ಲಿ. ಮೇಕೆ ಮನುಷ್ಯನ ಸಾಕುಪ್ರಾಣಿಯಾಗಿ ಆ ವೇಳೆಗೆ ಸುಮಾರು ಹತ್ತು ಸಾವಿರ ವರ್ಷಗಳೇ ಕಳೆದಿದ್ದುವು. ಇರಾನ್ ದೇಶದ ಜಾಗ್ರೋಸ್ ಬೆಟ್ಟಗಳಲ್ಲಿ ಗಂಜ್ ದರೇ ಎಂಬ ದಿಬ್ಬವನ್ನು ಅಗೆದಾಗ ದೊರೆತ ಎಲುಬುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅಲ್ಲಿಯ ಜನ ಗಂಡುಮರಿಗಳನ್ನು ಎಳೆಯದರಲ್ಲಿಯೇ ಕೊಂದು ಹೆಣ್ಣುಗಳನ್ನು ಬಹುಕಾಲ ಉಳಿಸಿಕೊಳ್ಳುತ್ತಿದ್ದರೆಂದು ಕಂಡುಕೊಂಡಿದ್ದಾರೆ. ಬೇಟೆಗಾರನಾದವನು ಹೀಗೆ ಆರಿಸಿ ಕೊಲ್ಲುವುದಿಲ್ಲ. ಇದು ಮಂದೆಯ ಒಡೆಯನ ಲೆಕ್ಕಾಚಾರ. ಇಷ್ಟು ಹಳೆಯ ಸ್ನೇಹದಲ್ಲಿ ಇಷ್ಟು ತಡವಾಗಿ ಒಂದು ಗುಟ್ಟು ಹೊರಬಿದ್ದಿತೆಂಬುದೇ ಸೋಜಿಗ.

ಈ ಕಥೆ ನನಗೆ ನೆನಪಾದುದು ನನ್ನ ಹಳೆಯ ಶಿಷ್ಯನೊಬ್ಬನಿಂದ. ಅವನು ನಮ್ಮ ಊರಿನ ಹೊರವಲಯದಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಹಿತ್ತಿಲಿದೆ, ಬೇಲಿಯಿದೆ, ಒಂದು ನುಗ್ಗೆಮರವೂ ಇದೆ. ಹೋದ ವರ್ಷದ ಮಳೆಗಾಲದಲ್ಲಿ ಬೀದಿಯಲ್ಲೆಲ್ಲ ಡೆಂಗಿ ಜ್ವರ. ಡೆಂಗಿ ಬಂದಾಗ ನಮ್ಮ ಊರುಗಳಲ್ಲಿ ಏನಾಗುತ್ತದೆಂಬುದನ್ನು ನೀವೂ ನೋಡಿರುತ್ತೀರಿ. ಮೇಕೆಯ ಹಾಲನ್ನು ಹಸಿಯಾಗಿ ಕುಡಿದರೆ ರಕ್ತದ ಪ್ಲೇಟ್‌ಲೆಟ್ ಏರುತ್ತದೆಂಬ ಮಾತು ಹಬ್ಬಿ, ಒಂದು ಲೋಟ ಹಾಲಿಗೆ ಇಲ್ಲದ ಬೆಲೆ ಬರುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಭಯ ಆಧಾರವನ್ನು ಕೇಳುವುದಿಲ್ಲ. ನನ್ನ ಶಿಷ್ಯ ಕೊಂಡುಕೊಂಡು ಕುಡಿಯುವ ಬದಲು ಮೇಕೆಯನ್ನೇ ತಂದುಬಿಟ್ಟ. ತುಂಬಿದ ಕೆಚ್ಚಲು, ಮಿರುಗುವ ಕೂದಲು, ಚುರುಕಾದ ಕಣ್ಣು. ‘ಮರಿ ಎಲ್ಲಪ್ಪಾ?’ ಎಂದು ಕೇಳಿದ್ದಕ್ಕೆ ಮಾರುವವನು ‘ಮಾರಿಬಿಟ್ಟೆ ಸ್ವಾಮಿ’ ಎಂದನಂತೆ. ಅದು ಕಂದು ಹಾಕಿದ್ದ ಮೇಕೆ ಎಂಬುದು ತಿಳಿದುದು ಆಮೇಲೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಸಂಜೆಯಾದರೆ ಜ್ವರ, ರಾತ್ರಿಯೆಲ್ಲ ಬೆವರು, ಸೊಂಟ ಕೀಲುಗಳಲ್ಲಿ ನೋವು. ನಾಲ್ಕು ದಿನ ಬಿಟ್ಟಂತಾಗಿ ಮತ್ತೆ ಬರುವುದು. ಇದು ಮೇಕೆಯಿಂದ ಬಂದ ಜ್ವರವೆಂದು ರಕ್ತಪರೀಕ್ಷೆಯಿಂದ ಗೊತ್ತಾಗುವ ಹೊತ್ತಿಗೆ ಅವನು ಅರ್ಧ ಮನುಷ್ಯನಾಗಿದ್ದ. ಆರು ವಾರ ಎರಡು ಬಗೆಯ ಔಷಧಗಳನ್ನು ಬಿಡದೆ ನುಂಗಿ ಗುಣವಾದ. ದೈವಕೃಪೆಯಿಂದ ಮಗಳಿಗೆ ಏನೂ ಆಗಲಿಲ್ಲ. ನೋಡಲು ಹೋದ ನನ್ನೊಡನೆ, ‘ಮೇಷ್ಟ್ರೇ, ನನ್ನ ಕಣ್ಣೆದುರಿಗೇ ಕರೆದ ಹಾಲು. ಒಂದು ತೊಟ್ಟು ನೀರು ಬೆರೆತಿರಲಿಲ್ಲ’ ಎಂದ.

ಈ ನಂಬಿಕೆಗೆ ಅವನನ್ನೊಬ್ಬನನ್ನೇ ದೂರಲಾಗದು. ಅದನ್ನು ಬೆಳೆಸಿದವರಲ್ಲಿ ನಮ್ಮಂಥ ಪಂಡಿತರೂ ಇದ್ದೇವೆ. ಸುಶ್ರುತನು ಮೇಕೆಯ ಹಾಲನ್ನು ಹೊಗಳಿ ಕಾರಣವನ್ನೂ ಕೊಟ್ಟಿದ್ದಾನೆ: ಅದರ ಮೈ ಸಣ್ಣದು, ಖಾರ ಕಹಿ ಸೊಪ್ಪುಗಳನ್ನು ಮೇಯುತ್ತದೆ, ನೀರು ಹೆಚ್ಚಾಗಿ ಕುಡಿಯುವುದಿಲ್ಲ, ಸದಾ ಓಡಾಡುತ್ತಿರುತ್ತದೆ, ಆದುದರಿಂದ ಅದರ ಹಾಲು ಸಕಲ ವ್ಯಾಧಿಗಳಿಗೂ ಹಿತ. ಆಡು ಮುಟ್ಟದ ಸೊಪ್ಪಿಲ್ಲವೆಂಬ ನಮ್ಮ ಗಾದೆಯ ಹಿಂದೆಯೂ ಇದೇ ಅನುಭವವಿದೆ. ಅದೇ ಪ್ರಕರಣದಲ್ಲಿ ಸುಶ್ರುತನು ಹಸಿಯ ಹಾಲು ಜಡ, ಕಾಯಿಸಿದುದು ಲಘು ಎಂದೂ ಹೇಳುತ್ತಾನೆ. ಆದರೆ ಒಡನೆಯೇ ಧಾರೋಷ್ಣವಾದ, ಎಂದರೆ ಕೆಚ್ಚಲಿನ ಬಿಸಿ ಆರದ ಹಾಲನ್ನು ಗುಣವುಳ್ಳದ್ದೆನ್ನುತ್ತಾನೆ. ಜನಕ್ಕೆ ನೆನಪಿನಲ್ಲಿ ಉಳಿದುದು ಈ ಕೊನೆಯ ಮಾತು. ಕಣ್ಣಿಗೆ ಕಾಣದ ಜೀವಾಣುಗಳ ಸುದ್ದಿ ಇನ್ನೂ ಹುಟ್ಟದಿದ್ದ ಕಾಲದ ಆಚಾರ್ಯನನ್ನು ನಾನು ತಪ್ಪಿತಸ್ಥನೆನ್ನಲಾರೆ. ನಮ್ಮ ಕಾಲದವರು ಅದನ್ನೇ ಒಪ್ಪಿಸುತ್ತಿದ್ದರೆ ಸುಮ್ಮನಿರಲೂ ಆರೆ.

ಇನ್ನೊಂದು ಕಾರಣ ಗಾಂಧೀಜಿಯವರು. ೧೯೧೨ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಹಾಲನ್ನು ತ್ಯಜಿಸಿದ್ದ ಅವರು ೧೯೧೮ರಲ್ಲಿ ಗುಜರಾತಿನಲ್ಲಿ ರಕ್ತಾತಿಸಾರದಿಂದ ಸಾಯುವ ಸ್ಥಿತಿಗೆ ಬಂದರು. ಮರುವರ್ಷದ ಮೊದಲಲ್ಲಿ ಮುಂಬಯಿಯ ವೈದ್ಯರು ಹಾಲಿಲ್ಲದೆ ಮೈ ಕೂಡದೆಂದಾಗ, ನಿಮ್ಮ ವ್ರತ ಹಸುವಿನ ಮತ್ತು ಎಮ್ಮೆಯ ಹಾಲಿಗಲ್ಲವೇ, ಮೇಕೆಯ ಹಾಲಾದೀತಲ್ಲ ಎಂದು ದಾರಿ ತೋರಿಸಿದವರು ಕಸ್ತೂರಬಾ. ಗಾಂಧೀಜಿ ಒಪ್ಪಿದರು, ವ್ರತದ ಅಕ್ಷರವನ್ನು ಉಳಿಸಿ ಆತ್ಮವನ್ನು ಬಿಟ್ಟೆನೆಂದು ಆತ್ಮಕಥೆಯಲ್ಲಿ ಕೊರಗಿಯೂ ಕೊಂಡರು. ೧೯೨೭ರಲ್ಲಿ ಅವರು ನಮ್ಮ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿಗೆಂದು ತಂಗಿದ್ದರು. ಅಂದಿನಿಂದ ಮೇಕೆಯ ಹಾಲಿಗೆ ನಮ್ಮ ಸೀಮೆಯಲ್ಲಿ ಒಂದು ಬಗೆಯ ಪಾವಿತ್ರ್ಯ ಸೇರಿಕೊಂಡಿತೆಂದು ನನ್ನ ಊಹೆ.

ಇನ್ನು ಮಾಲ್ಟಾಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬ್ರಿಟಿಷರ ನೌಕಾಪಡೆಯ ದೊಡ್ಡ ನೆಲೆ. ಕಲ್ಲುನೆಲದ ದ್ವೀಪ, ಹುಲ್ಲುಗಾವಲು ಕಡಮೆ. ಆದಕಾರಣ ಹಸುಗಳು ವಿರಳ, ಮೇಕೆಗಳು ಮಾತ್ರ ಸುಮಾರು ಇಪ್ಪತ್ತು ಸಾವಿರ. ರಾಜಧಾನಿ ವಲೆಟ್ಟಾದ ಬೀದಿಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಮುಂಜಾನೆ ಸಂಜೆ ಮೇಕೆಗಾರರು ತಮ್ಮ ಮಂದೆಗಳನ್ನು ಆ ಬೀದಿಗಳಲ್ಲಿ ಹೊಡೆದುಕೊಂಡು ಬರುವರು. ಗೃಹಿಣಿ ಪಾತ್ರೆ ಹಿಡಿದು ಬಾಗಿಲಿಗೆ ಬರುವಳು. ಅಲ್ಲೇ ಹೊಸ್ತಿಲ ಬಳಿ ಹಾಲು ಕರೆದುಕೊಡುವರು. ಮೇಲಂತಸ್ತಿನ ಮನೆಯಾದರೆ ಮೇಕೆಯೇ ಮೆಟ್ಟಿಲು ಹತ್ತಿ ಹೋಗುವುದು. ನೀರು ಬೆರೆಸಿದನೆಂಬ ಅನುಮಾನಕ್ಕೆ ಎಡೆಯೇ ಇಲ್ಲ. ಇದಕ್ಕಿಂತ ಶುದ್ಧವಾದ ವ್ಯವಹಾರವನ್ನು ಹಾಲಿನ ಲೋಕದಲ್ಲಿ ಯಾರು ತಾನೇ ಕಂಡಿದ್ದಾರೆ?

ಆ ದ್ವೀಪದಲ್ಲಿಯೇ ಒಂದು ವಿಚಿತ್ರ ಜ್ವರ ಬೀಡುಬಿಟ್ಟಿತ್ತು. ಅಲೆಯಂತೆ ಏರುವುದು, ಇಳಿಯುವುದು, ಮತ್ತೆ ಏರುವುದು. ಸಾಯುವವರು ನೂರಕ್ಕೆ ಇಬ್ಬರೋ ಮೂವರೋ. ಆದರೆ ಹಿಡಿದವರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಕೆಡವುವುದು. ಕೆಟ್ಟ ಗಾಳಿಯೆಂದರು, ಚರಂಡಿಯೆಂದರು, ಧೂಳೆಂದರು, ಸೊಳ್ಳೆಯೆಂದರು. ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು, ಸತ್ತ ಸಿಪಾಯಿಗಳ ಗುಲ್ಮದಲ್ಲಿ ಈ ರೋಗದ ಜೀವಾಣುವನ್ನು ಕಂಡುಹಿಡಿದುದನ್ನು ಪ್ರಕಟಿಸಿದನು. ಹತ್ತು ವರ್ಷಗಳ ತರುವಾಯ ಆಲ್ಮ್‌ರಾತ್ ರೈಟ್ ಎಂಬವನು ರಕ್ತದಿಂದಲೇ ರೋಗವನ್ನು ಗುರುತಿಸುವ ಉಪಾಯವನ್ನು ತಿಳಿಸಿದನು: ರೋಗಿಯ ರಕ್ತದ ತಿಳಿಯನ್ನು ಜೀವಾಣುಗಳೊಡನೆ ಬೆರೆಸಿದರೆ ಅವು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ. ಶತ್ರು ಯಾರೆಂದು ತಿಳಿಯಿತು. ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆಂದು ಮಾತ್ರ ತಿಳಿಯಲಿಲ್ಲ.

೧೯೦೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಆಶ್ರಯದಲ್ಲಿ ಒಂದು ಆಯೋಗ ಬಂದಿತು. ಅದರ ಸದಸ್ಯರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೋಕ್ಲೀಸ್ ಜಮ್ಮಿತ್ ಎಂಬ ವೈದ್ಯನೊಬ್ಬನಿದ್ದನು. ಪ್ರಯೋಗಕ್ಕೆಂದು ತಂದಿದ್ದ ಮೇಕೆಗಳಿಗೆ ರೋಗ ಅಂಟುವುದೋ ಇಲ್ಲವೋ ನೋಡಬೇಕೆಂದು ಹೊರಟವನಿಗೆ, ೧೯೦೫ರ ಜೂನ್‌ನಲ್ಲಿ, ಆರು ಮೇಕೆಗಳ ಪೈಕಿ ಐದರ ರಕ್ತ ಜೀವಾಣುಗಳನ್ನು ಗಂಟುಗಟ್ಟಿಸುವುದು ಕಂಡಿತು. ತಾನು ರೋಗವನ್ನು ಅಂಟಿಸುವ ಮೊದಲೇ ಅವು ರೋಗವನ್ನು ಹೊತ್ತುಕೊಂಡಿದ್ದುವು! ಕೆಮ್ಮಿಲ್ಲ, ಜ್ವರವಿಲ್ಲ, ಹಾಲಿಗೆ ಕೊರತೆಯಿಲ್ಲ. ಕೂಡಲೇ ಹಾಲನ್ನು ಪರೀಕ್ಷಿಸಿದರು; ಜೀವಾಣು ಅಲ್ಲಿಯೂ ಇತ್ತು. ದ್ವೀಪದ ಮಂದೆಗಳನ್ನು ಪರೀಕ್ಷಿಸುತ್ತ ಹೋದಂತೆ, ಹೆಚ್ಚುಕಡಮೆ ಅರ್ಧದಷ್ಟು ಮೇಕೆಗಳಿಗೆ ರೋಗ ಸೋಕಿರುವುದೂ, ಹತ್ತರಲ್ಲೊಂದು ಹಾಲಿನಲ್ಲಿಯೇ ಅದನ್ನು ಸುರಿಸುತ್ತಿರುವುದೂ ತಿಳಿದುಬಂದಿತು. ಸಿಪಾಯಿಗಳಿಗಿಂತ ಅಧಿಕಾರಿಗಳಿಗೆ ಈ ಜ್ವರ ಹೆಚ್ಚಾಗಿ ಬರುತ್ತಿದ್ದುದೇಕೆಂಬುದೂ ಬಗೆಹರಿಯಿತು. ಅಧಿಕಾರಿಗಳಿಗೆ ಹೆಚ್ಚು ಹಾಲು ಸಿಕ್ಕುತ್ತಿತ್ತು! ಇನ್ನೂ ಮನಕರಗಿಸುವ ಸಂಗತಿ ಆಸ್ಪತ್ರೆಗಳದು. ಬೇರಾವುದೋ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರಿಗೆ ಪುಷ್ಟಿಗೆಂದು ಇದೇ ಹಾಲನ್ನು ಕುಡಿಸುತ್ತಿದ್ದರು.

ಈಗ ಮೊದಲ ಮೇಕೆ ಕೊಳ್ಳುವವರು ಗಮನಿಸಬೇಕಾದ ಒಂದು ಪ್ರಸಂಗ. ಆ ವರ್ಷವೇ ಅಮೆರಿಕದ ಕೃಷಿ ಇಲಾಖೆ, ಮಾಲ್ಟಾದ ಮೇಕೆಗಳ ಹಾಲಿನ ಕೀರ್ತಿಯನ್ನು ಕೇಳಿ, ತನ್ನ ದೇಶದಲ್ಲಿ ಆ ತಳಿಯನ್ನು ಬೆಳೆಸಬೇಕೆಂದು ಅರವತ್ತಕ್ಕೂ ಮಿಕ್ಕ ಮೇಕೆಗಳನ್ನು ಕೊಂಡಿತು. ಕಣ್ಣಿಗೆ ಎಲ್ಲವೂ ಪುಷ್ಟವಾದ, ನಿರೋಗಿಯಾದ ಪ್ರಾಣಿಗಳೇ. ಆಗಸ್ಟ್ ತಿಂಗಳಲ್ಲಿ ‘ಜೋಶುವಾ ನಿಕಲ್ಸನ್’ ಎಂಬ ಹಡಗು ಅವುಗಳನ್ನು ಹೇರಿಕೊಂಡು ಆಂಟ್ವರ್ಪ್ ಬಂದರಿನತ್ತ ಹೊರಟಿತು. ಸಮುದ್ರದ ಮೇಲೆ ತಾಜಾ ಹಾಲು ಸಿಗುವುದೆಂದರೆ ನಾವಿಕರಿಗೆ ಹಬ್ಬ, ಹೊಟ್ಟೆತುಂಬ ಕುಡಿದರು. ಕೆಲವು ವಾರಗಳಲ್ಲಿ ಕುಡಿದವರಲ್ಲಿ ಅನೇಕರು ಅದೇ ಅಲೆಜ್ವರದಿಂದ ಮಲಗಿದರು. ಮೇಕೆಗಳನ್ನು ಅಮೆರಿಕದಲ್ಲಿ ಇಳಿಸಿ ಪ್ರತ್ಯೇಕವಾಗಿ ಇಟ್ಟು ಪರೀಕ್ಷಿಸಿದರು; ಕೊನೆಗೆ ಮಂದೆಯನ್ನು ನಾಶಮಾಡಬೇಕಾಯಿತು. ಒಂದು ಸರ್ಕಾರದ ತಜ್ಞರೇ ಆರಿಸಿ ತಂದ ಮೇಕೆಗಳ ಪಾಡು ಇದು. ನಮ್ಮ ಸಂತೆಯ ಗಿರಾಕಿ ಎಷ್ಟರವನು!

೧೯೦೬ರ ನಡುವಿನಲ್ಲಿ ಸೈನ್ಯದ ಬಿಡಾರಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಮೇಕೆಯ ಹಾಲನ್ನು ನಿಲ್ಲಿಸಿ ಡಬ್ಬಿಯ ಗಟ್ಟಿಹಾಲನ್ನು ಕೊಡತೊಡಗಿದರು. ೧೯೦೫ರಲ್ಲಿ ಆರುನೂರಕ್ಕೂ ಮೇಲ್ಪಟ್ಟು ಸಿಪಾಯಿಗಳು ಈ ಜ್ವರದಿಂದ ನರಳಿದ್ದರು. ೧೯೦೭ರಲ್ಲಿ ಅಂಥವರನ್ನು ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ರೋಗಕ್ಕೆ ಒಂದು ಹನಿ ಔಷಧವನ್ನೂ ಕಂಡುಹಿಡಿಯದೆ ಸಾಧಿಸಿದ ಜಯವಿದು.

ಆದರೆ ಊರಿನ ಜನರ ಮಾತೇನು? ಸಿಪಾಯಿಗೆ ಆಜ್ಞೆ ಮಾಡಬಹುದು, ಗೃಹಿಣಿಗೆ ಮಾಡಲಾಗದು. ಮೇಕೆಗಾರನ ಹೊಟ್ಟೆಪಾಡಿನ ಪ್ರಶ್ನೆಯೂ ಇತ್ತು. ಹಾಲು ಕಾಯಿಸಿದರೆ ಸತ್ತ್ವ ಹೋಗುತ್ತದೆಂಬ ನಂಬಿಕೆ ಅಲ್ಲಿಯೂ ಇತ್ತು. ಮಂದೆಗಳು ವಲೆಟ್ಟಾದ ಮೆಟ್ಟಿಲುಗಳನ್ನು ಇನ್ನೂ ಮೂವತ್ತು ವರ್ಷ ಹತ್ತಿದುವು. ಹಾಲನ್ನು ಕಾಯಿಸಿ ಶುದ್ಧಗೊಳಿಸಿ ಹಂಚುವ ಕೇಂದ್ರ ಮಾಲ್ಟಾದಲ್ಲಿ ಆರಂಭವಾದುದು ೧೯೩೮ರಲ್ಲಿ. ಜಮ್ಮಿತ್ ಆ ದಿನವನ್ನು ನೋಡಲಿಲ್ಲ, ೧೯೩೫ರಲ್ಲಿ ತೀರಿಕೊಂಡಿದ್ದನು. ರೋಗಕ್ಕೆ ‘ಬ್ರುಸೆಲ್ಲೋಸಿಸ್’ ಎಂದು ಬ್ರೂಸನ ಹೆಸರು ನಿಂತಿತು. ಬಾಗಿಲನ್ನು ತೋರಿಸಿಕೊಟ್ಟ ಜಮ್ಮಿತ್‌ನ ಹೆಸರನ್ನು ಹೊರಗಿನವರು ಅಷ್ಟಾಗಿ ಅರಿಯರು. ಇದು ನನಗೆ ನ್ಯಾಯವೆಂದು ತೋರುವುದಿಲ್ಲ. ಅವನ ದೇಶದವರು ಅವನನ್ನು ಮರೆತಿಲ್ಲವೆನ್ನಿ. ಅಲ್ಲಿಯ ತಾರ್ಷಿಯನ್ ಎಂಬಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲುಗುಡಿಗಳನ್ನು ಅಗೆದು ತೆಗೆದವನೂ ಅವನೇ.

ನಮ್ಮ ರೈತರು ಈ ರೋಗವನ್ನು ಕಂದು ರೋಗವೆನ್ನುತ್ತಾರೆ. ದಿನ ತುಂಬುವ ಮುನ್ನವೇ ಗಬ್ಬ ಹೋಗುವುದು ಅದರ ಮುಖ್ಯ ಕುರುಹಾದುದರಿಂದ ಆ ಹೆಸರು. ಹಸು ಎಮ್ಮೆಗಳಿಗೂ ಉಂಟು. ಈಗ ಆ ಮೂರನೆಯ ಪ್ರಶ್ನೆ ಯಾವುದೆಂದು ನೀವೇ ಊಹಿಸಿರಬಹುದು: ಈ ಮೇಕೆಯಾಗಲಿ, ಇದರ ಜೊತೆಯ ಮಂದೆಯಾಗಲಿ ಎಂದಾದರೂ ಕಂದು ಹಾಕಿದ್ದುಂಟೇ? ಮಾರುವವನು ಇಲ್ಲವೆಂದೇ ಹೇಳುವನು. ಅದಕ್ಕೇ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ರಕ್ತದ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ದ್ರವದ ಒಂದು ಹನಿ ಬೆರೆಸಿ ಅಲುಗಿಸುತ್ತಾರೆ. ನಾಲ್ಕು ನಿಮಿಷಗಳಲ್ಲಿ ಮರಳಿನಂತೆ ಕಣಗಳು ಕಂಡರೆ ಆ ಮೇಕೆ ಬೇಡ. ಜಮ್ಮಿತ್ ಬಳಸಿದ ತತ್ತ್ವವೇ ಇದು, ರೂಪ ಮಾತ್ರ ಸರಳವಾಗಿದೆ. ಕಂದು ಹಾಕಿದಾಗ ಬಿದ್ದ ಮಾಸನ್ನು ಬರಿಗೈಯಲ್ಲಿ ಮುಟ್ಟಲೂ ಬಾರದು. ರೋಗ ಆ ದಾರಿಯಿಂದಲೂ ಬರುತ್ತದೆ. ಪರೀಕ್ಷೆಯಲ್ಲಿ ಗೆದ್ದ ಮೇಕೆಯ ಹಾಲನ್ನೂ ಉಕ್ಕು ಬರುವಂತೆ ಕಾಯಿಸಿಯೇ ಕುಡಿಯಬೇಕು. ವರ್ಷ ತುಂಬದ ಕೂಸಿಗೆ ತಾಯಹಾಲಿನ ಬದಲು ಇದನ್ನೇ ನೆಚ್ಚುವುದೂ ಸಲ್ಲದು. ಫೋಲಿಕ್ ಆಮ್ಲವೆಂಬ ಸತ್ತ್ವ ಇದರಲ್ಲಿ ಬಹಳ ಕಡಮೆಯಾದ್ದರಿಂದ ಮಗುವಿಗೆ ರಕ್ತಹೀನತೆ ಬರುತ್ತದೆ.

ನಮ್ಮ ತಾಯಿ ಈ ಯಾವುದನ್ನೂ ಓದಿದವಳಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿಯೂ ಒಂದು ಕರಿಯ ಮೇಕೆಯಿತ್ತು. ಅದರ ಹಾಲಿಗೆ ಮೂರು ಉಕ್ಕು ಬಾರದೆ ಅವಳು ಒಲೆಯಿಂದ ಇಳಿಸುತ್ತಿರಲಿಲ್ಲ. ವಾಸನೆ ಹೋಗಲೆಂದು ಅವಳ ಉದ್ದೇಶ. ಸತ್ತ್ವವೆಲ್ಲ ಹೊಗೆಯಾಗಿ ಹೋಯಿತೆಂದು ಅಜ್ಜಿ ಪ್ರತಿದಿನವೂ ಗೊಣಗುವಳು. ತಾಯಿ ಕೇಳಿಸದವಳಂತೆ ಇರುವಳು.

ನನ್ನ ಶಿಷ್ಯ ಆ ಮೊದಲ ಮೇಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದಾಗಿತ್ತು. ಹಾಗೆ ಮಾಡಲಿಲ್ಲ, ಪಶುವೈದ್ಯರ ಮಾತಿನಂತೆ ನಷ್ಟವನ್ನು ನುಂಗಿಕೊಂಡ. ದೀಪಾವಳಿ ಕಳೆದ ಮೇಲೆ ಮತ್ತೊಂದನ್ನು ಕೊಳ್ಳಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದ. ರಕ್ತಪರೀಕ್ಷೆಯ ಮಾತೆತ್ತಿದೊಡನೆ ಮೊದಲಿಬ್ಬರು ಮಾರುವವರು, ತಮ್ಮ ಮನೆಯ ಹೆಣ್ಣನ್ನು ಜರೆದೆವೋ ಎಂಬಂತೆ ಮುಖ ತಿರುಗಿಸಿಕೊಂಡರು. ಮೂರನೆಯವನು ಮುದುಕ. ‘ನೋಡಿಸಿ ಬುದ್ಧಿ, ನನಗೂ ತಿಳೀಲಿ. ಮೊಮ್ಮಕ್ಕಳು ಇದರ ಹಾಲನ್ನೇ ಕುಡೀತಾವೆ’ ಎಂದ. ನಾಲ್ಕು ನಿಮಿಷ ನಾವು ಮೂವರೂ ಆ ಗುಲಾಬಿ ಬಣ್ಣದ ಹನಿಯನ್ನೇ ನೋಡುತ್ತ ನಿಂತೆವು. ಕಣಗಳು ಕಾಣಲಿಲ್ಲ. ಈಗ ಆ ಮೇಕೆ ನನ್ನ ಶಿಷ್ಯನ ಹಿತ್ತಿಲಲ್ಲಿದೆ. ನುಗ್ಗೆಯ ಸೊಪ್ಪನ್ನು ಮುಗಿಸಿ, ಅವನ ಹೆಂಡತಿಯ ದಾಸವಾಳದ ಗಿಡಕ್ಕೆ ಕೈಹಾಕಿದೆಯೆಂದು ಕೇಳಿದೆ.