ಬೀಗ ಹಾಕಿದ ಪಾರ್ಕು, ಮರಳಿನ ಗುಡ್ಡೆ: ಮಕ್ಕಳ ಆಟದ ಬಯಲು ಹೋದದ್ದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ನಮ್ಮ ತಾಲ್ಲೂಕು ಕೇಂದ್ರದ ಅಂಚಿನಲ್ಲಿರುವ ಹೊಸ ಬಡಾವಣೆಗೆ ಹೋಗಿದ್ದೆವು. ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಸುದ್ದಿ ಮಾಡಬೇಕಿತ್ತು. ಹದಿನೈದು ವರ್ಷದ ಹಿಂದೆ ಅಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರು. ಈಗ ಮೂವತ್ತು ಅಡಿ ರಸ್ತೆ, ಎರಡೂ ಕಡೆ ಕಾಂಪೌಂಡು, ಕಾಂಪೌಂಡಿನ ಒಳಗೆ ಕಾರು. ಐದೂವರೆ ಗಂಟೆ, ಬಿಸಿಲು ಇಳಿದಿತ್ತು. ಬೀದಿಯಲ್ಲಿ ಒಂದು ಮಗುವೂ ಇರಲಿಲ್ಲ. 'ಉದ್ಯಾನವನ' ಎಂದು ಬೋರ್ಡು ಹಾಕಿದ್ದ ಜಾಗಕ್ಕೆ ತಂತಿ ಬೇಲಿ, ಗೇಟಿಗೆ ಬೀಗ.

ಕೊನೆಗೆ ಮಕ್ಕಳು ಸಿಕ್ಕಿದ್ದು ಅರ್ಧ ಕಟ್ಟಿದ ಮನೆಯೊಂದರ ಮುಂದೆ ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ. ಐದಾರು ಮಕ್ಕಳು ಜಾರಿ ಜಾರಿ ಬೀಳುತ್ತಾ ನಗುತ್ತಿದ್ದವು. ಅವು ಬಡಾವಣೆಯ ಮಕ್ಕಳಲ್ಲ, ಮನೆ ಕಟ್ಟುವ ಕೆಲಸಕ್ಕೆ ಬಂದ ಕೂಲಿಯವರ ಮಕ್ಕಳು.

'ಈಗಿನ ಮಕ್ಕಳು ಹೊರಗೆ ಆಡುವುದೇ ಇಲ್ಲ, ಮೊಬೈಲು ಹಿಡಿದು ಕೂರುತ್ತವೆ' ಎಂಬ ಮಾತನ್ನು ನಾವೂ ಆಡುತ್ತೇವೆ, ನೀವೂ ಆಡುತ್ತೀರಿ. ಅದು ಪೂರ್ತಿ ಸುಳ್ಳಲ್ಲ. ಆದರೆ ಮಕ್ಕಳ ಕೈಗೆ ಮೊಬೈಲು ಬರುವ ಮೊದಲೇ ಬಯಲು ಹೋಗಿತ್ತು. ಅದು ಹೋದ ಬಗೆ ತಿಳಿಯಬೇಕಾದರೆ ನೂರಿಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಪ್ಲೇಗು ತುಂಬಿಸಿದ ಬಡಾವಣೆಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಬೆಳಕು ಕಡಿಮೆ. ಜನ ಪೇಟೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು. ಹಳ್ಳಿಗಳಲ್ಲೂ ಊರು ಖಾಲಿ ಮಾಡಿ ಹೊಲದಲ್ಲಿ ಬಿಡಾರ ಹೂಡಿದ ಕತೆಗಳನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರದ ಯೋಜನೆ ಪ್ಲೇಗಿಗಿಂತ ಕೆಲವು ವರ್ಷ ಮೊದಲೇ ಶುರುವಾಗಿತ್ತು. ಅವು ತುಂಬಿದ್ದು ಮಾತ್ರ ಪ್ಲೇಗಿನ ಭಯದಿಂದ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಶುರುವಾಯಿತು. ದೇಶದಲ್ಲಿ ಮೊದಮೊದಲು ಹುಟ್ಟಿದ ಇಂಥ ಮಂಡಳಿಗಳಲ್ಲಿ ಅದೂ ಒಂದು.

ಈ ಬಡಾವಣೆಗಳಲ್ಲಿ ನೇರ ರಸ್ತೆ, ಮನೆಯ ಸುತ್ತ ಜಾಗ, ಅಲ್ಲಲ್ಲಿ ಪಾರ್ಕು ಬಂತು. ಮನೆಗಳ ಹಿಂದೆ ಕಿರಿದಾದ ಓಣಿಗಳನ್ನೂ ಬಿಟ್ಟಿದ್ದರು. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ಬಳಿಯುವವರು ಓಡಾಡಲು ಮಾಡಿದ ದಾರಿ ಅದು. ಒಳಚರಂಡಿ ಬಂದ ಮೇಲೆ ಆ ಓಣಿಗಳಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಇದೆಲ್ಲವನ್ನೂ ಯೋಜಿಸಿದವರ ತಲೆಯಲ್ಲಿ ಇದ್ದದ್ದು ಆರೋಗ್ಯ. ಮಕ್ಕಳಿಗೆ ಆಟದ ಜಾಗ ಸಿಕ್ಕಿದ್ದು ಅದರ ಜೊತೆಗೆ ಬಂದ ಲಾಭ.

ಖಾಲಿ ಸೈಟಿನ ಕಾಲ

1945ರಲ್ಲಿ ಬೆಂಗಳೂರಿಗೂ ಅಂಥದೇ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಸುತ್ತಲಿನ ಹಳ್ಳಿಗಳ ಹೊಲ, ತೋಪು ಬಡಾವಣೆಯಾದವು. ಮುಂದೆ ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಅಂಚಿನಲ್ಲೂ ಇದೇ ನಡೆಯಿತು.

ಆ ಕಾಲದಲ್ಲಿ ಬಡಾವಣೆಯ ಮಕ್ಕಳು ಆಡಿದ್ದೆಲ್ಲ ಪಾರ್ಕಿನಲ್ಲೇ ಅಲ್ಲ. ಹೆಚ್ಚಿನವರ ಬಯಲು ಖಾಲಿ ಸೈಟು. ಸೈಟು ತೆಗೆದುಕೊಂಡವರು ಮನೆ ಕಟ್ಟಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತಿತ್ತು. ಅಷ್ಟು ವರ್ಷ ಅದು ಬೀದಿಯ ಮಕ್ಕಳ ಸ್ವತ್ತು. ಚಿನ್ನಿದಾಂಡು, ಲಗೋರಿ, ಬುಗುರಿ, ಗೋಲಿ ಎಲ್ಲವೂ ಅಲ್ಲೇ. ಯಾರಾದರೂ ಪಾಯ ತೆಗೆದರೆ ಆಟ ಪಕ್ಕದ ಸೈಟಿಗೆ ಹೋಗುತ್ತಿತ್ತು. ಕೊನೆಯ ಸೈಟೂ ಮನೆಯಾದ ದಿನ ಬಯಲು ಮುಗಿಯಿತು. ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. ಅದು ಮಕ್ಕಳ ಹೆಸರಿನಲ್ಲಿ ಯಾವತ್ತೂ ಇರಲೇ ಇಲ್ಲ, ಅಷ್ಟೆ.

ಜಾಗ ಕುಗ್ಗಿದ್ದನ್ನು ಆಟದ ನಿಯಮಗಳಲ್ಲೇ ಕಾಣಬಹುದು. ಚಿನ್ನಿಯನ್ನು ದೂರ ಹೊಡೆದಷ್ಟೂ ಲೆಕ್ಕ ಹೆಚ್ಚು. ಕಿಟಕಿಗೆ ಗಾಜು ಬಂದ ಬೀದಿಯಲ್ಲಿ ಅದು ನಡೆಯುವುದಿಲ್ಲ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ಬೆಂಗಳೂರಿನ ರೋಜರ್ ಬಿನ್ನಿ. ಅಲ್ಲಿಂದ ಓಣಿ ಓಣಿಗೂ ಕ್ರಿಕೆಟ್ ಬಂತು. ಆದರೆ ಅದು ಬಯಲಿನ ಕ್ರಿಕೆಟ್ ಅಲ್ಲ. 'ಕಾಂಪೌಂಡ್ ದಾಟಿದರೆ ಔಟ್', 'ಒಂದು ಪಿಚ್ ಬಿದ್ದು ಹಿಡಿದರೂ ಔಟ್'. ಜಾಗ ಇಲ್ಲದ ಮಕ್ಕಳು ತಾವೇ ಮಾಡಿಕೊಂಡ ಕಾನೂನುಗಳು ಇವು.

ಎಲ್ಲರ ಬಯಲೂ ಅಲ್ಲ

ಹಳೆಯ ಕಾಲದಲ್ಲಿ ಎಲ್ಲ ಮಕ್ಕಳೂ ಹೊರಗೆ ಆಡುತ್ತಿದ್ದರು ಎಂದರೆ ಅದೂ ತಪ್ಪು. ಹಳ್ಳಿಯಲ್ಲಿ ಹುಡುಗಿಯರು ಮನೆಯ ಮುಂದೆ ಕುಂಟೆಬಿಲ್ಲೆ, ಜಗಲಿಯ ಮೇಲೆ ಅಳಗುಳಿಮಣೆ ಆಡಿದರು. ಮೈನೆರೆದ ಮೇಲೆ ಅದೂ ನಿಂತಿತು. ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡೇ ಆಟ ನೋಡಿದ ಅಕ್ಕಂದಿರು ಎಷ್ಟೋ ಜನ. ಊರ ಮುಂದಿನ ಕಟ್ಟೆ, ಗುಡಿಯ ಅಂಗಳಕ್ಕೆ ಕೇರಿಯ ಮಕ್ಕಳು ಬರುವಂತಿರಲಿಲ್ಲ. ದನ ಕಾಯುವುದು, ಜೀತಕ್ಕೆ ಹೋಗುವುದು ಇದ್ದ ಮಕ್ಕಳು ಆಡಿದ್ದು ಕೆಲಸದ ನಡುವೆ ಸಿಕ್ಕ ಹೊತ್ತಿನಲ್ಲಿ. ಇವತ್ತು ಶಾಲೆಯ ಮೈದಾನದಲ್ಲಿ ಹುಡುಗಿಯರು ಕಬಡ್ಡಿ, ಖೋ ಖೋ ಆಡುತ್ತಾರೆ. ನಮ್ಮ ಅಜ್ಜಿಯರಿಗೆ ಇದು ಸಿಕ್ಕಿರಲಿಲ್ಲ.

ಪಾರ್ಕಿಗಾಗಿ ಕೋರ್ಟಿಗೆ

ಖಾಲಿ ಸೈಟು ಹೋದರೂ ಕಾನೂನಿನ ಪ್ರಕಾರ ಬಿಟ್ಟ ಜಾಗ ಉಳಿಯಬೇಕಿತ್ತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರಕಾರ ಪ್ರಾಧಿಕಾರದ ಬಡಾವಣೆಯಲ್ಲಿ ಕಡಿಮೆ ಎಂದರೂ ಶೇ 15ರಷ್ಟು ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ. ನಾಗರಿಕ ಸೌಲಭ್ಯಕ್ಕೆ ಇನ್ನೂ ಶೇ 10. ರಾಜ್ಯದ ಪಾರ್ಕು, ಆಟದ ಬಯಲುಗಳನ್ನು ಉಳಿಸಲೆಂದೇ 1985ರಲ್ಲಿ ಬೇರೆ ಕಾಯ್ದೆಯೂ ಬಂತು.

ಆದರೂ ಜಾಗ ಕೈತಪ್ಪುತ್ತಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1991ರಲ್ಲಿ ತೀರ್ಪು ನಿವಾಸಿಗಳ ಪರ ಬಂತು. ಪಾರ್ಕಿನ ಜಾಗ ಸಾರ್ವಜನಿಕರದು, ಅದನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂದು ಕೋರ್ಟು ಹೇಳಿತು. ದೇಶದ ಬೇರೆ ಬೇರೆ ಕಡೆ ಪಾರ್ಕು ಉಳಿಸಲು ಹೋರಾಡಿದವರು ಇವತ್ತಿಗೂ ಈ ತೀರ್ಪನ್ನು ಹಿಡಿದುಕೊಳ್ಳುತ್ತಾರೆ.

ರಸ್ತೆಯೂ ಹೋಯಿತು

ಸೈಟು ಹೋದರೆ ರಸ್ತೆಯಾದರೂ ಇತ್ತಲ್ಲ? ಅದನ್ನು ತೆಗೆದುಕೊಂಡದ್ದು ವಾಹನ. 1951ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾಗಿದ್ದ ಮೋಟಾರು ವಾಹನ ಸುಮಾರು 3 ಲಕ್ಷ. 2020ರ ಹೊತ್ತಿಗೆ ಅದು 32 ಕೋಟಿ ದಾಟಿತು. ಬೆಂಗಳೂರು ಒಂದರಲ್ಲೇ ಈಗ ಒಂದು ಕೋಟಿಗೂ ಹೆಚ್ಚು. ಓಡುವ ವಾಹನ ಮಕ್ಕಳನ್ನು ಹೆದರಿಸಿತು, ನಿಲ್ಲಿಸಿದ ವಾಹನ ಉಳಿದ ಜಾಗವನ್ನೂ ತಿಂದಿತು.

ಮನೆಯ ಒಳಗೆ ಸೆಳೆಯುವ ವಸ್ತುಗಳು ಬಂದದ್ದೂ ಇದೇ ಹೊತ್ತಿನಲ್ಲಿ. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠಕ್ಕೆಂದು ನಾವೇ ಮಕ್ಕಳ ಕೈಗೆ ಫೋನು ಕೊಟ್ಟೆವು. ಶಾಲೆ ತೆರೆದ ಮೇಲೂ ಫೋನು ವಾಪಸ್ ಬರಲಿಲ್ಲ. ಹೊರಗೆ ಹೋಗು ಎಂದು ಬೈಯುತ್ತೇವೆ. ಎಲ್ಲಿಗೆ ಹೋಗಬೇಕು ಎಂದು ಮಗು ಕೇಳಿದರೆ ತೋರಿಸಲು ಜಾಗ ಇಲ್ಲ.

ಈಗ ನಮ್ಮ ಸರದಿ

ಇದು ಬೆಂಗಳೂರಿನ ಕತೆ ಎಂದು ಬಿಡುವಂತಿಲ್ಲ. ತಾಲ್ಲೂಕು ಕೇಂದ್ರಗಳ ಸುತ್ತ, ಹೆದ್ದಾರಿ ಪಕ್ಕದ ಹಳ್ಳಿಗಳಲ್ಲಿ ಹೊಲಗಳು ಸೈಟಾಗುತ್ತಿವೆ. ಸುಗ್ಗಿ ಮುಗಿದ ಮೇಲೆ ಕಣವೇ ನಮ್ಮ ಮೈದಾನವಾಗಿತ್ತು. ಈಗ ಒಕ್ಕಣೆ ಯಂತ್ರದಲ್ಲಿ ಇಲ್ಲವೇ ಟಾರು ರಸ್ತೆಯ ಮೇಲೆ. ಗುಂಡುತೋಪು, ಗೋಮಾಳ ಎಷ್ಟೋ ಕಡೆ ಒತ್ತುವರಿಯಾಗಿವೆ. ಬೆಂಗಳೂರಿಗೆ ನೂರು ವರ್ಷ ಹಿಡಿದದ್ದು ನಮ್ಮಲ್ಲಿ ಇಪ್ಪತ್ತು ವರ್ಷದಲ್ಲೇ ಆಗುವ ಹಾಗಿದೆ.

ಮಾಡಬಹುದಾದ ಕೆಲಸಗಳೂ ಇವೆ. ಸೈಟು ಕೊಳ್ಳುವಾಗ ಅನುಮೋದಿತ ನಕ್ಷೆ ಕೇಳಿ, ಅದರಲ್ಲಿ ಪಾರ್ಕು ಎಲ್ಲಿದೆ ನೋಡಿ, ಆಮೇಲೆ ಹೋಗಿ ಆ ಜಾಗದಲ್ಲೇ ನಿಂತು ನೋಡಿ. ನಕ್ಷೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಆಟದ ಮೈದಾನ ಇರಬೇಕು. ನಿಮ್ಮ ಊರಿನ ಶಾಲೆಗೆ ಇದೆಯೇ, ಅದರ ಅಳತೆ ದಾಖಲೆಯಲ್ಲಿ ಇದೆಯೇ ಕೇಳಿ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ನಿಂತು ಜಾಗ ಕೇಳಲಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ದೊಡ್ಡವರು ಜೊತೆಗಿರಿ.

ಆ ಸಂಜೆ ಬಡಾವಣೆಯಲ್ಲಿ ಪಾರ್ಕಿನ ಬೀಗದ ಕೀ ಯಾರ ಹತ್ತಿರ ಇದೆ ಎಂದು ಮೂರು ಮನೆಗಳಲ್ಲಿ ಕೇಳಿದೆವು. ಒಬ್ಬರು ಪುರಸಭೆ ಎಂದರು, ಇನ್ನೊಬ್ಬರು ಬಡಾವಣೆ ಮಾಡಿದವರು ಎಂದರು. ಮೂರನೆಯವರಿಗೆ ಅಲ್ಲಿ ಪಾರ್ಕು ಇರುವುದೇ ಗೊತ್ತಿರಲಿಲ್ಲ. ಈ ಪ್ರಶ್ನೆಯನ್ನು ನಾವು ಬಿಟ್ಟಿಲ್ಲ, ಇನ್ನೂ ಕೇಳುತ್ತಿದ್ದೇವೆ. ನಿಮ್ಮ ಊರಲ್ಲೂ ಬೀಗ ಹಾಕಿದ ಬಯಲು ಇದ್ದರೆ, ಕೀ ಯಾರ ಹತ್ತಿರ ಇದೆ ಎಂದು ನೀವೂ ಕೇಳಿ, ನಮಗೂ ತಿಳಿಸಿ.