ಭೋಗ್ಯದ ಹಣದಲ್ಲಿ ಎದ್ದ ಮನೆಗಳು

ಕೈಯಲ್ಲಿ ಪೂರ್ಣ ಬಂಡವಾಳವಿಲ್ಲದ ಗೃಹಸ್ಥನು, ತಾನಿರುವ ಮನೆಯ ಜೊತೆಗೆ ವರಮಾನ ತರುವ ಇನ್ನೊಂದು ಮನೆಯನ್ನೂ ಕಟ್ಟಿಸಬೇಕೆಂದು ಸಂಕಲ್ಪಿಸಿದಾಗ ಅವನಿಗೆ ಒದಗಿಬಂದ ಉಪಾಯಗಳಲ್ಲಿ ಭೋಗ್ಯವು ಬಹು ಪುರಾತನವಾದುದು. ಕಲ್ಯಾಣದಲ್ಲಿ 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು, ಒತ್ತೆಯನ್ನು ಬಳಸದೆ ಕಾಪಾಡಬೇಕಾದ ಗೋಪ್ಯಾಧಿಯನ್ನೂ, ಸಾಲಕೊಟ್ಟವನು ಅದರ ಫಲವನ್ನು ಉಣ್ಣಬಹುದಾದ ಭೋಗ್ಯಾಧಿಯನ್ನೂ ಬೇರೆ ಬೇರೆಯಾಗಿಯೇ ವಿಚಾರಿಸುತ್ತದೆ. ಸಾಲವು ಇಮ್ಮಡಿಯಾದಾಗ ಬಿಡಿಸಿಕೊಳ್ಳದ ಒತ್ತೆ ಕೈತಪ್ಪುವುದಾದರೂ, ಫಲಭೋಗ್ಯವಾದುದು ಹಾಗೆ ನಷ್ಟವಾಗದೆಂಬ ಸ್ಮೃತಿಯ ನಿರ್ಣಯದಲ್ಲಿ ಸಾಲಗಾರನ ವಿಷಯದ ನಿಜವಾದ ಕಾರುಣ್ಯವಿದೆಯೆಂದು ನಾನು ನಂಬುತ್ತೇನೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮವೂ ತನ್ನ 58ನೆಯ ಪ್ರಕರಣದಲ್ಲಿ ಭೋಗ್ಯಕ್ಕೆ ಸ್ಥಾನವಿತ್ತಿತು.

1898ರ ಪ್ಲೇಗಿಗೆ ಬೆದರಿದ ಬೆಂಗಳೂರಿನ ಪೇಟೆಯ ಜನರು ಬಸವನಗುಡಿ, ಮಲ್ಲೇಶ್ವರಗಳತ್ತ ಹೊರಟ ಮೇಲೆ ನಗರವು ಹಬ್ಬುತ್ತಲೇ ಹೋಯಿತು. ಗೃಹಸಾಲಕ್ಕೆಂದೇ ಸ್ಥಾಪಿತವಾದ ಎಚ್.ಡಿ.ಎಫ್.ಸಿ. ಬಂದುದಾದರೋ 1977ರಲ್ಲಿ, ಅದಕ್ಕೆ ಮೊದಲು ಸಾಮಾನ್ಯನಿಗಿದ್ದ ಆಸರೆ ಹೆಂಡತಿಯ ಒಡವೆ, ಚೀಟಿಯ ಹಣ, ಕೈಸಾಲ, ಇಲ್ಲವೆ ಭೋಗ್ಯ. ಗೋಡೆಗಳೆದ್ದು ತಾರಸಿಗೆ ದುಡ್ಡು ಸಾಲದೆ ಕೆಲಸ ನಿಂತಾಗ, ಮುಂದೆ ಆ ಮನೆಯಲ್ಲಿ ವಾಸಿಸುವವನಿಂದಲೇ ದೊಡ್ಡ ಮೊತ್ತವನ್ನು ಮುಂಗಡವಾಗಿ ಪಡೆದು, ಅದರಿಂದ ಮನೆಯನ್ನು ಮುಗಿಸಿ, ಅವನನ್ನೇ ಅದರೊಳಗೆ ಇರಿಸುವ ಈ ಏರ್ಪಾಡಿನಲ್ಲಿ ಇಬ್ಬರಿಗೂ ಹಿತವಿತ್ತು. ಛಾಪಾ ಕಾಗದದ ಮೇಲೆ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ವಾಯಿದೆಯನ್ನೂ ಬರೆದು, ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ ಎಂಬ ಷರತ್ತನ್ನು ಸೇರಿಸಿ, ಕೆಳಗೆ ಸಾಕ್ಷಿಗಳ ರುಜುವನ್ನೂ ಬರೆದವನ ಬಿಕ್ಕಲಮನ್ನೂ ಹಾಕಿಸಿದರೆ ಪತ್ರವು ಸಿದ್ಧವಾಗುತ್ತಿತ್ತು.

ಕಷ್ಟವಿದ್ದುದು ವಾಯಿದೆ ತೀರಿದ ದಿನ. ಇಟ್ಟಿಗೆ ಗಾರೆಗಳಲ್ಲಿ ಅಡಗಿಹೋದ ಹಣವನ್ನು ಒಮ್ಮೆಲೇ ಹಿಂದಿರುಗಿಸಲಾರದೆ, ಮೊದಲನೆಯವನ ಹಣವನ್ನು ತೀರಿಸಲು ಎರಡನೆಯ ಭೋಗ್ಯದಾರನನ್ನು ಹುಡುಕುವ ಮಾಲೀಕನು ಮನೆಯುಳ್ಳವನಾಗಿಯೂ ಋಣದಿಂದ ಬಿಡುಗಡೆ ಹೊಂದುತ್ತಿರಲಿಲ್ಲ; ಅದೇ ಮನೆಯ ಮೇಲೆ ಬ್ಯಾಂಕಿನ ಸಾಲವೂ ಇದ್ದುಬಿಟ್ಟರೆ, ಜೀವಮಾನದ ಉಳಿತಾಯವನ್ನು ನಂಬಿ ಕೊಟ್ಟ ಸಂಸಾರವೇ ಬೀದಿಗೆ ಬೀಳಬೇಕಾಗುತ್ತಿತ್ತು. ಲೀಸ್ ಎಂಬ ಹೊಸ ಹೆಸರಿನಲ್ಲಿ ಇಂದಿಗೂ ನಡೆಯುತ್ತಿರುವ ಈ ವ್ಯವಹಾರದಲ್ಲಿ ಆ ಅಪಾಯವು ಕಿಂಚಿತ್ತೂ ತಗ್ಗಿಲ್ಲ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಅಸಲಿನ ಭೋಗ್ಯಪತ್ರಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳೂ ಬೇಕೆಂದು 1882ರ ಅದೇ ಅಧಿನಿಯಮದ 59ನೆಯ ಪ್ರಕರಣವು ವಿಧಿಸಿದೆ. ಆದುದರಿಂದ ಮನೆಯನ್ನು ಭೋಗ್ಯದ ಹಣದಿಂದ ಕಟ್ಟಹೊರಟವರು ಪತ್ರವನ್ನು ನೋಂದಾಯಿಸದೆ ಹಣ ಮುಟ್ಟದಿರಲಿ, ಮುಟ್ಟಿದ ತಿಂಗಳಿನಿಂದಲೇ ಅದನ್ನು ಹಿಂದಿರುಗಿಸಲು ಕೂಡಿಡತೊಡಗಲಿ.